ಸಿಡಿಲು, ಉಲ್ಕೆ ಮತ್ತು ಹಣೆಬರಹ

ಆಕಾಶದಿಂದೆರಗುವ ಆಪತ್ತುಗಳೆಂದರೆ ಉಲ್ಕೆ ಮತ್ತು ಸಿಡಿಲು. ಎರಡಕ್ಕೂ ನಮ್ಮ ಜನ ಒಂದೇ ಮಾತು ಹೇಳುತ್ತಾರೆ: ‘ಹಣೆಯಲ್ಲಿ ಬರೆದುದು ತಪ್ಪೀತೆ?’ ಈ ಮಾತಿನಲ್ಲಿ ತಥ್ಯವೆಷ್ಟೆಂಬುದನ್ನು ಲೆಕ್ಕದಿಂದಲೇ ಪರಿಶೀಲಿಸೋಣ.

1954ರ ನವೆಂಬರ್ 30ರಂದು ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಛಾವಣಿಯನ್ನು ಭೇದಿಸಿ ಬಂದ ಉಲ್ಕಾಶಿಲೆಯೊಂದು ಮಲಗಿದ್ದ ಗೃಹಿಣಿಯೊಬ್ಬರಿಗೆ ತಗುಲಿತು. ಮೈ ಕಂದಿತಾದರೂ ಆಕೆ ಬದುಕಿದರು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಉಲ್ಕೆ ಸಿಡಿದಾಗ ಸುಮಾರು 1,500 ಜನ ಗಾಯಗೊಂಡರು. ಅವರಲ್ಲಿ ಹೆಚ್ಚಿನವರನ್ನು ಗಾಯಗೊಳಿಸಿದ್ದು ಕಲ್ಲಲ್ಲ, ಆಘಾತದ ಅಲೆಗೆ ಒಡೆದ ಕಿಟಕಿಯ ಗಾಜು. ಒಬ್ಬರೂ ಸಾಯಲಿಲ್ಲ. ಉಲ್ಕೆಯ ಭಯ ದೊಡ್ಡದು, ಬಾಧೆ ಅತಿ ವಿರಳ.

ಸಿಡಿಲಿನ ಲೆಕ್ಕ ಬೇರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಸುಮಾರು 140 ಕೋಟಿ ಜನಸಂಖ್ಯೆಗೆ ಹಂಚಿದರೆ ಐದು ಲಕ್ಷಕ್ಕೆ ಒಬ್ಬರು. ಇದನ್ನು ಕೇಳಿ ಪಟ್ಟಣದವರು ನಿಶ್ಚಿಂತರಾಗಬಹುದು. ಆದರೆ ಸರಾಸರಿಯೆಂಬುದು ಮೋಸದ ಅಳತೆ. ಗಟ್ಟಿ ಮನೆಯೊಳಗೆ ಕುಳಿತವನಿಗೂ ಬಯಲಿನಲ್ಲಿ ನಿಂತವನಿಗೂ ಅಪಾಯ ಸಮನಲ್ಲ. ನೇಗಿಲ ರೈತ, ಕುರಿ ಕಾಯುವ ಬಾಲಕ, ಕಳೆ ಕೀಳುವ ತಾಯಿ ಇವರ ಪಾಲಿಗೆ ಅದು ಹಲವು ಪಟ್ಟು ಹೆಚ್ಚು. ಎಲ್ಲರ ಅನ್ನಕ್ಕಾಗಿ ಕಾಯಕ ಮಾಡುವವರೇ ಎಲ್ಲರ ಪಾಲಿನ ಅಪಾಯವನ್ನೂ ಹೊರುತ್ತಾರೆ.

ಹೀಗಿರುವಾಗ ಸಿಡಿಲಿಗೆ ಸಿಕ್ಕವನನ್ನು ‘ಪೂರ್ವಕರ್ಮದ ಫಲ’ವೆಂದು ಅನ್ನುವುದು ನೊಂದ ಮನೆಗೆ ಎರಡನೆಯ ಸಿಡಿಲು. ಆ ಮಾತನ್ನು ನಾವೂ ಸೂತಕದ ಮನೆಗಳಲ್ಲಿ ಕೇಳಿದ್ದೇವೆ; ಕೇಳಿ ಸುಮ್ಮನಿದ್ದುದೂ ಉಂಟು. ಅದು ನಮ್ಮ ತಪ್ಪು. ತಿಥಿ, ನಕ್ಷತ್ರ, ಶಕುನಗಳ ಭಯವನ್ನು ನಿರಾಕರಿಸಿದ ಶರಣರ ಸಂತತಿಗೆ ಆ ಮಾತು ಒಪ್ಪುವಂಥದಲ್ಲ.

ಸಿಡಿಲಿಗೆ ಪಾಪಪುಣ್ಯಗಳ ಗೊಡವೆಯಿಲ್ಲ. ಬಯಲಿನಲ್ಲಿ ಎತ್ತರವಾಗಿ ನಿಂತ ವಸ್ತುವಿಗೆ ಅದು ಹೆಚ್ಚಾಗಿ ಬಡಿಯುತ್ತದೆ. ಮರಕ್ಕೆ ಬಡಿದ ವಿದ್ಯುತ್ತು ಬುಡದಲ್ಲಿ ನಿಂತವರಿಗೆ ಹಾರಬಹುದು, ನೆಲದಲ್ಲಿಯೂ ಹರಡಬಹುದು. ಒಂದೇ ಮರದಡಿ ಹಲವು ದನಕರುಗಳು ಒಮ್ಮೆಲೇ ಸಾಯುವುದು ಇದರಿಂದಲೇ. ಮಳೆ ಬಂತೆಂದು ಮರದಡಿ ಓಡುವುದು ಮೃತ್ಯುವಿನ ಬಾಗಿಲಿಗೆ ಓಡಿದಂತೆ.

ಮಿಂಚಿದ ಮೇಲೆ ಎಣಿಸಿರಿ. ಮೂವತ್ತು ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ ಎಂದರ್ಥ. ಕೂಡಲೇ ಗಟ್ಟಿ ಕಟ್ಟಡವನ್ನಾಗಲಿ, ಲೋಹದ ಮಾಡಿನ ಮುಚ್ಚಿದ ವಾಹನವನ್ನಾಗಲಿ ಸೇರಬೇಕು. ತೆರೆದ ಮಂಟಪ, ಹೊಲದ ಗುಡಿಸಲುಗಳು ರಕ್ಷಣೆಯಲ್ಲ. ಕೆರೆ, ಹೊಂಡಗಳಿಂದ ಮೇಲೆ ಬರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳುವ ರೂಢಿ ನಮ್ಮ ನಾಡಿನಲ್ಲಿದೆ. ಹೇಳುವವರು ಮನೆಯೊಳಗೆ ಬಂದು ಹೇಳಲಿ.

ಇನ್ನೊಂದು ಮುಖ್ಯ ಮಾತು: ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಅಂಜಬೇಡಿರಿ. ಉಸಿರು ನಿಂತಿದ್ದರೆ ಎದೆಯನ್ನೊತ್ತಿ ಕೃತಕ ಉಸಿರು ಕೊಡುತ್ತ ಆಸ್ಪತ್ರೆಗೆ ಸಾಗಿಸಿರಿ, ಬದುಕಿದವರು ಅನೇಕರಿದ್ದಾರೆ.

ಹೊಲದೊಡೆಯರಲ್ಲಿ ನಮ್ಮ ವಿನಂತಿಯೊಂದೇ. ಮೋಡ ಗುಡುಗಿದೊಡನೆ ಆಳುಗಳ ಕೆಲಸ ನಿಲ್ಲಿಸಿ, ಅವರನ್ನು ಮನೆಯೊಳಗೆ ಕರೆಯಿರಿ. ಆ ಹೊತ್ತಿನ ಕೂಲಿಯನ್ನು ಕಡಿಯಬೇಡಿರಿ. ಐದು ಲಕ್ಷಕ್ಕೆ ಒಬ್ಬರೆಂಬುದು ಲೆಕ್ಕ. ಆ ಒಬ್ಬರು ಒಂದು ಮನೆಗೆ ಸರ್ವಸ್ವ. ದಯೆಯೇ ಧರ್ಮವೆಂದು ನಂಬಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.