ಹೊಲ ನನ್ದು, ಗಿಡ ಯಾರ್ದು?

ಮೊಗುಡಂಪಲ್ಲಿಯ ಚಹಾದಂಗಡಿಯಲ್ಲಿ ಕುಳಿತರೆ ಒಂದು ಕಿವಿಗೆ ಕನ್ನಡ, ಇನ್ನೊಂದಕ್ಕೆ ತೆಲುಗು. ಮಾತು ಹೆಚ್ಚಾಗಿ ಕಬ್ಬು, ಶುಂಠಿಯ ದರದ್ದೇ. ಮೊನ್ನೆ ನಾನು ಹೋದಾಗ ಮಾತ್ರ ಗಾಂಜಾ ಕೇಸಿನ ಚರ್ಚೆ. ಹೊಲವನ್ನು ಲಾವಣಿಗೆ (ತೆಲುಗರ ಮಾತಿನಲ್ಲಿ ಕೌಲಿಗೆ) ಕೊಟ್ಟಿದ್ದ ಹಿರಿಯರೊಬ್ಬರು ಕೇಳಿದರು: "ಕಬ್ಬಿನ ಸಾಲಿನಾಗ ಅವ ಗಿಡ ಹಚ್ಚಿದ್ರ ನಾ ಏನ್ ಮಾಡ್ಲಿರಿ? ಪಾಸ್‌ಬುಕ್ ನನ್ನ ಹೆಸರಿಲೆ ಅದ."

1985ರ ಎನ್‌ಡಿಪಿಎಸ್ ಕಾಯ್ದೆ ಗಡಿಯ ಎರಡೂ ಕಡೆ ಒಂದೇ. ಮೇಲ್ಮನವಿಯ ದಾರಿ ಬೇರೆ: ಬೀದರಿನವರು ಕಲಬುರಗಿ ಪೀಠಕ್ಕೆ, ಇಲ್ಲಿಯವರು ಹೈದರಾಬಾದಿಗೆ. ಕೊನೆಗೆ ಇಬ್ಬರಿಗೂ ದಿಲ್ಲಿಯೇ.

ಹಿರಿಯರ ಪ್ರಶ್ನೆಗೆ ಕಾಯ್ದೆಯ ಉತ್ತರ ಖಡಕ್ಕಾಗಿದೆ. ತನ್ನ ಜಮೀನಿನಲ್ಲಿ ಗಾಂಜಾ ಗಿಡ ಇರುವುದು ಗೊತ್ತಿದ್ದೂ ತಿಳಿಸದ ಭೂಮಾಲೀಕನೂ ಅಪರಾಧಿ. 'ಗೊತ್ತಿರಲಿಲ್ಲ' ಎಂದು ತೋರಿಸುವ ಹೊರೆಯೂ ಆರೋಪಿಯದೇ. ಆದರೆ 2008ರ ನೂರ್ ಅಗಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಹೊರೆಗೊಂದು ಮಿತಿ ಹಾಕಿತು: ಮಾಲು ಅವನ ಸ್ವಾಧೀನದಲ್ಲಿತ್ತು ಎಂಬಂಥ ಮೂಲ ಸಂಗತಿಯನ್ನು ಸರ್ಕಾರ ಮೊದಲು ಸಾಬೀತು ಮಾಡಬೇಕು, ಆಮೇಲಷ್ಟೇ ಹೊರೆ ಅವನ ಹೆಗಲಿಗೆ.

ಇನ್ನೊಂದು ಜಗಳ ತೂಕದ್ದು. ಗಾಂಜಾ ಒಂದು ಕಿಲೋವರೆಗೆ 'ಅಲ್ಪ ಪ್ರಮಾಣ'. 20 ಕಿಲೋ ದಾಟಿದರೆ 'ವಾಣಿಜ್ಯ ಪ್ರಮಾಣ'. ಕನಿಷ್ಠ 10 ವರ್ಷ ಸಜೆ, ಜಾಮೀನು ಬಲು ಕಷ್ಟ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಇಲ್ಲವೆ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಹೊಲದಲ್ಲಿ ಕಿತ್ತ ಹಸಿ ಗಿಡವನ್ನು ಬೇರು, ಕಾಂಡ ಸಮೇತ ತಕ್ಕಡಿಗೆ ಹಾಕಿದರೆ 20 ಕಿಲೋ ಆಗುವುದೇನು ದೊಡ್ಡದು? ಹಲವು ಹೈಕೋರ್ಟ್ ಆದೇಶಗಳು ಇದನ್ನೇ ಎತ್ತಿ ಜಾಮೀನು ಕೊಟ್ಟಿವೆ. ಮಣ್ಣು ಹತ್ತಿದ ಶುಂಠಿ ತೂಗಿದರೆ ನಮ್ಮ ವ್ಯಾಪಾರಿ ಸುಮ್ಮನಿರುತ್ತಾನೆಯೇ!

ಹಾಗಂತ ಯಾರೂ ಧೈರ್ಯ ಮಾಡಬೇಡಿ. ಗಿಡ ಬೆಳೆಸುವುದೇ ಪ್ರತ್ಯೇಕ ಅಪರಾಧ. 10 ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ.

ಲಾರಿ ಮಾಲೀಕರಿಗೂ ಒಂದು ಮಾತು. ತಮ್ಮದಲ್ಲದ ತಪ್ಪಿಗೆ ಗಾಡಿ ಠಾಣೆಯಲ್ಲಿ ತುಕ್ಕು ಹಿಡಿಯುವುದು ಬೇಡವೆಂದು ಅರ್ಜಿ ಹಾಕಬಹುದು; ವಿಚಾರಣೆ ಮುಗಿಯುವ ಮೊದಲೇ ಬಿಡುಗಡೆಗೆ ಕಾಯ್ದೆ ಅಡ್ಡಿಯಲ್ಲ ಎಂದು ಅಸ್ಸಾಮಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

ಗಿಡ ಕಣ್ಣಿಗೆ ಬಿದ್ದರೆ ಅಂದೇ ಠಾಣೆಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ ಎಂದೆ. ಹಿರಿಯರು ಎದ್ದರು. "ಕಬ್ಬಿನಾಗ ಹೊಕ್ಕು ನೋಡ್ದs ಎರಡು ತಿಂಗಳಾತು. ಈಗs ಹೋಗ್ತೀನ್ರಿ."