ಹತ್ತಿ ಆರುವ ಎಂಜಿನ್ ಲೈಟ್: ಬ್ಯಾಟರಿ ಬಿಚ್ಚೋ ಮೊದಲು ಕೋಡ್ ಓದ್ರಿ

ಇಂಡಿಯಿಂದ ನಿಂಬೆಹಣ್ಣು ಹೇರಿಕೊಂಡು ಹೊರಟಾಗ ಹಳದಿ ಎಂಜಿನ್ ಲೈಟ್ ಹತ್ತುತ್ತದೆ. ಗ್ಯಾರೇಜ್ ಮುಟ್ಟೋದ್ರಾಗ ಆರಿರುತ್ತದೆ. ‘ಬ್ಯಾಟರಿ ವೈರ್ ಬಿಚ್ಚಿ ಹಾಕು, ಸರಿ ಆಗ್ತದ’ ಅನ್ನೋರು ಬಹಳ ಮಂದಿ. ಹಂಗ ಮಾಡಬ್ಯಾಡ್ರಿ. ಲೈಟ್ ಆರಿದರೂ ಗಾಡಿಯ ಕಂಪ್ಯೂಟರ್‌ನಲ್ಲಿ ದೋಷದ ಕೋಡ್ ಸಾಮಾನ್ಯವಾಗಿ ಉಳಿದಿರುತ್ತದೆ. ಆ ಕ್ಷಣದ ವೇಗ, ಆರ್‌ಪಿಎಂ, ಎಂಜಿನ್ ಬಿಸಿ ಕೂಡ ದಾಖಲಾಗಿರಬಹುದು. ಬ್ಯಾಟರಿ ಬಿಚ್ಚಿದರೆ ಈ ಸುಳಿವೇ ಅಳಿಸಿ ಹೋಗಬಹುದು.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಬ್ಲೂಟೂತ್ ಸ್ಕ್ಯಾನರ್ ಸಿಗಿಸಿ, ಮೊಬೈಲ್ ಆ್ಯಪ್‌ನಲ್ಲಿ ಕೋಡ್ ಓದಿ, ಸ್ಕ್ರೀನ್‌ಶಾಟ್ ಇಟ್ಕೊಳ್ರಿ. ಪಿ0087 ಬಂದರೆ ಡೀಸೆಲ್ ಒತ್ತಡ ಸಾಲುತ್ತಿಲ್ಲ ಅಂತ ಅರ್ಥ. ಲೋಡ್ ಇದ್ದಾಗ, ಏರು ಹತ್ತುವಾಗ ಮಾತ್ರ ಬಂದರೆ ಮೊದಲು ಡೀಸೆಲ್ ಫಿಲ್ಟರ್ ನೋಡ್ರಿ. ಪಂಪ್, ಇಂಜೆಕ್ಟರ್ ಮಾತು ಆಮೇಲೆ. ಕ್ಯಾನಿನಿಂದ ಡೀಸೆಲ್ ಸುರಿಯೋ ಕಡೆ ನೀರು, ಕಸ ಸೇರೋದು ಸುಲಭ. ಪಿ0101 ಗಾಳಿ ಅಳೆಯುವ ಸೆನ್ಸರ್‌ನದು. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ತೊಗರಿ ರಾಶಿ ಹೊತ್ತಿನ ಧೂಳು ನಿಮಗೇ ಗೊತ್ತು, ಏರ್ ಫಿಲ್ಟರ್ ತೆಗೆದು ನೋಡ್ರಿ. ಗುಂಡಿ ಹಾರಿದಾಗ ಮಾತ್ರ ಹತ್ತಿದರೆ ವೈರ್, ಕನೆಕ್ಟರ್ ಹುಡುಕ್ರಿ. ತೋಟದಾಗ ನಿಂತ ಗಾಡಿಗೆ ಇಲಿ ಕಾಟ ಇದ್ದೇ ಇರ್ತದ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಸಾಮಾನ್ಯ. ಬರೀ ಊರು–ಹೊಲ ಓಡಾಡಿದರೆ ಆ ಮಸಿ ಸುಡೋದಿಲ್ಲ. ಡಿಪಿಎಫ್ ಲೈಟ್ ಬಂದರೆ ಮ್ಯಾನುಯಲ್ ಹೇಳಿದಷ್ಟು ಹೊತ್ತು ಸಿಂದಗಿ–ವಿಜಯಪುರ ಹೆದ್ದಾರಿಯಂಥ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸ್ರಿ. ಮಸಿ ಸುಡುವಾಗ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಆಗ ಒಣ ಕಣಿಕೆ ಮೇಲೆ ಗಾಡಿ ನಿಲ್ಲಿಸಬ್ಯಾಡ್ರಿ.

ಕೆಂಪು ಆಯಿಲ್ ಲೈಟ್ ಹತ್ತಿದರೆ ಮಾತ್ರ ಸ್ಕ್ಯಾನರ್ ಹುಡುಕಬ್ಯಾಡ್ರಿ, ಅಲ್ಲೇ ಎಂಜಿನ್ ಬಂದ್ ಮಾಡ್ರಿ.