ವಂತಿಗೆ ಹಣದಲ್ಲಿ ಡ್ರೋನ್

ಯುದ್ಧದಲ್ಲಿರುವ ದೇಶದ ಸೇನೆಗಾಗಿ ಸಾಮಾನ್ಯ ಜನರೇ ವಂತಿಗೆ ಎತ್ತಿ, ಬಿಡಿಭಾಗ ತರಿಸಿ, ಮನೆಗಳಲ್ಲೂ ಸಣ್ಣ ಕಾರ್ಯಾಗಾರಗಳಲ್ಲೂ ಡ್ರೋನ್ ಜೋಡಿಸಿ ಕಳುಹಿಸುವ ವ್ಯವಸ್ಥೆ 2022ರ ನಂತರ ಉಕ್ರೇನಿನಲ್ಲಿ ಬಹುದೊಡ್ಡದಾಗಿ ಬೆಳೆಯಿತು. ಹೊಸದೆಂದರೆ ಜನರೇ ತಯಾರಿಸುವುದು. ಕೊಡುಗೆಯ ಹಣದಲ್ಲಿ ಯುದ್ಧವಿಮಾನ ಕೊಳ್ಳುವುದು ಹಳೆಯ ಪದ್ಧತಿ, ಅದರಲ್ಲಿ ಮೈಸೂರು ಸಂಸ್ಥಾನದ ಪಾಲೂ ಇದೆ.

1940ರಲ್ಲಿ ಬ್ರಿಟನ್ನಿನ ವಿಮಾನ ಉತ್ಪಾದನಾ ಮಂತ್ರಿಯಾಗಿದ್ದ ಲಾರ್ಡ್ ಬೀವರ್‌ಬ್ರೂಕ್ ಅವರ ಕಾಲದಲ್ಲಿ ಒಂದು ಸ್ಪಿಟ್‌ಫೈರ್ ವಿಮಾನಕ್ಕೆ 5,000 ಪೌಂಡ್ ಎಂದು ಬೆಲೆ ಕಟ್ಟಿ ದೇಣಿಗೆ ಕೇಳಲಾಯಿತು. ನಿಜವಾದ ವೆಚ್ಚ ಅದಕ್ಕಿಂತ ಬಹಳ ಹೆಚ್ಚು. ಆದರೂ ಒಂದು ಊರು, ಒಂದು ಕಾರ್ಖಾನೆ ಸೇರಿ ಮುಟ್ಟಬಹುದಾದ ಮೊತ್ತ ಅದು. ಮೈಸೂರು ಸಂಸ್ಥಾನದಿಂದ ಹೋದ ಹಣದಿಂದ 1941ರ ಜೂನ್‌ನಲ್ಲಿ ರಾಯಲ್ ಏರ್‌ಫೋರ್ಸ್‌ನ 129ನೇ ಸ್ಕ್ವಾಡ್ರನ್ ಸ್ಪಿಟ್‌ಫೈರ್‌ಗಳೊಂದಿಗೆ ರೂಪುಗೊಂಡಿತು. ಅದರ ಹೆಸರಿಗೆ ಮೈಸೂರು ಸೇರಿತು, ಲಾಂಛನಕ್ಕೆ ಗಂಡಭೇರುಂಡ ಬಂತು. ಇದನ್ನು ಇಂದಿನ ಜನರ ವಂತಿಗೆಗೆ ಸಮ ಎನ್ನಲಾಗದು. ಅದು ಸಂಸ್ಥಾನವೊಂದು ಸಾಮ್ರಾಜ್ಯಕ್ಕೆ ಕೊಟ್ಟ ಕಾಣಿಕೆ. ಕಂದಾಯ ಕಟ್ಟಿದ ರೈತನನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

1944ರ ಜುಲೈನಲ್ಲಿ ಈ ಸ್ಕ್ವಾಡ್ರನ್ನಿಗೆ ಹೊಸ ಕೆಲಸ ಬಿತ್ತು. ಅಷ್ಟರಲ್ಲಿ ಮಸ್ಟಾಂಗ್ ವಿಮಾನಗಳಿಗೆ ಬದಲಾಗಿದ್ದ ಅದನ್ನು ಕೆಂಟ್ ಪ್ರಾಂತ್ಯದ ಬ್ರೆಂಝೆಟ್‌ಗೆ ಕಳುಹಿಸಿ, ಲಂಡನ್ನಿನತ್ತ ಬರುತ್ತಿದ್ದ ಜರ್ಮನಿಯ ವಿ-1 ಹಾರುವ ಬಾಂಬುಗಳನ್ನು ಹೊಡೆದುರುಳಿಸಲು ಹೇಳಲಾಯಿತು. ವಿ-1ರಲ್ಲಿ ಪೈಲಟ್ ಇರಲಿಲ್ಲ. ಗಂಟೆಗೆ ಸುಮಾರು 600 ಕಿ.ಮೀ. ವೇಗ, ಸುಮಾರು 850 ಕಿಲೋ ಸ್ಫೋಟಕ. ಗಾಳಿಯ ಒತ್ತಡದಿಂದ ಸುತ್ತುವ ಗೈರೊಸ್ಕೋಪ್ ಅದನ್ನು ಓಲಾಡದಂತೆ ಹಿಡಿಯುತ್ತಿತ್ತು, ದಿಕ್ಸೂಚಿ ದಾರಿ ಕಾಯುತ್ತಿತ್ತು. ಮೂತಿಯಲ್ಲಿದ್ದ ಪುಟ್ಟ ಪ್ರೊಪೆಲ್ಲರ್ ದೂರವನ್ನು ಎಣಿಸುತ್ತಿತ್ತು. ಎಣಿಕೆ ಮುಗಿದೊಡನೆ ಬಾಂಬು ನೆಲದತ್ತ ಎರಗುತ್ತಿತ್ತು. ಇಂದು ಉಕ್ರೇನಿನ ನಗರಗಳ ಮೇಲೆ ರಾತ್ರಿ ಬಂದು ಬೀಳುವ ಶಾಹೆದ್ ಡ್ರೋನ್ ಇದೇ ವಂಶದ್ದು.

ಸ್ಪಿಟ್‌ಫೈರ್ ಕಾಲದ ದಾನಿ ಹಣ ಕೊಡಬಹುದಿತ್ತು, ವಿಮಾನ ಕಟ್ಟಲು ಆಗುತ್ತಿರಲಿಲ್ಲ. ಅದಕ್ಕೆ ಸಾವಿರಾರು ಕೆಲಸಗಾರರ ಕಾರ್ಖಾನೆ ಬೇಕಿತ್ತು. ಈಗ ಸೋಲ್ಡರಿಂಗ್ ಕಲಿತ ಶಿಕ್ಷಕಿಯೂ ಸಂಜೆ ಕುಳಿತು ಒಂದು ಡ್ರೋನ್ ಜೋಡಿಸುತ್ತಾಳೆ. ಇದು ಸಾಧ್ಯವಾದದ್ದು ದೇಶಪ್ರೇಮ ಹೆಚ್ಚಾದ್ದರಿಂದಲ್ಲ, ಬಿಡಿಭಾಗಗಳ ಬೆಲೆ ಕುಸಿದದ್ದರಿಂದ.

ನಾಲ್ಕು ರೆಕ್ಕೆಚಕ್ರಗಳ ಡ್ರೋನ್ ತಾನಾಗಿ ಗಾಳಿಯಲ್ಲಿ ನಿಲ್ಲುವ ಯಂತ್ರವಲ್ಲ. ಅಂಗೈ ಮೇಲೆ ನಿಲ್ಲಿಸಿದ ಕೋಲನ್ನು ಕೈ ಆಡಿಸಿ ಆಡಿಸಿ ಬೀಳದಂತೆ ಹಿಡಿಯಬೇಕಲ್ಲ, ಹಾಗೆ ಅದನ್ನೂ ಕ್ಷಣಕ್ಷಣಕ್ಕೂ ಸರಿಪಡಿಸುತ್ತಿರಬೇಕು. ಆ ಕೆಲಸ ಮಾಡುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಸರ್ಕ್ಯೂಟ್ ಫಲಕ. ಅದರ ಮೇಲೆ ಕೆಲವೇ ಮಿಲಿಮೀಟರ್ ಅಗಲದ ಗೈರೊ ಚಿಪ್ ಇರುತ್ತದೆ. ಚಿಪ್‌ನೊಳಗೆ ಸಿಲಿಕಾನಿನಲ್ಲಿ ಕೊರೆದ ಅತಿಸೂಕ್ಷ್ಮ ತುಂಡುಗಳು ಸದಾ ಕಂಪಿಸುತ್ತಿರುತ್ತವೆ. ಡ್ರೋನ್ ತಿರುಗಿದಾಗ ಕೊರಿಯೊಲಿಸ್ ಪರಿಣಾಮದಿಂದ ಆ ಕಂಪನ ಪಕ್ಕಕ್ಕೆ ಸರಿಯುತ್ತದೆ. ಸರಿದದ್ದೆಷ್ಟು ಎಂದು ಅಳೆದ ಪ್ರೊಸೆಸರ್ ಸೆಕೆಂಡಿಗೆ ಸಾವಿರಾರು ಸಲ ಲೆಕ್ಕ ಹಾಕಿ ನಾಲ್ಕು ಮೋಟಾರುಗಳ ವೇಗವನ್ನು ಏರಿಸಿ ಇಳಿಸುತ್ತದೆ. ವಿ-1ರಲ್ಲಿ ಭಾರದ ಚಕ್ರ ಮಾಡುತ್ತಿದ್ದ ಕೆಲಸದ ತಿರುಳು ಇದೇ. ಈ ಚಿಪ್‌ಗಳನ್ನು ಸ್ಮಾರ್ಟ್‌ಫೋನ್ ಉದ್ಯಮ ಕೋಟಿಗಟ್ಟಲೆ ತಯಾರಿಸಿದ್ದರಿಂದ ಅವು ಅಗ್ಗವಾದವು.

ಮೋಟಾರಿನ ಕಥೆಯೂ ಹಾಗೆಯೇ. 1980ರ ದಶಕದಲ್ಲಿ ಬಂದ ನಿಯೊಡಿಮಿಯಮ್ ಆಯಸ್ಕಾಂತದಿಂದಾಗಿ, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಬ್ರಷ್‌ರಹಿತ ಮೋಟಾರು ತನ್ನ ತೂಕದ ಹಲವು ಪಟ್ಟು ಭಾರ ಎತ್ತುವಷ್ಟು ಬಲ ಪಡೆಯಿತು. ಇದಕ್ಕೆ ಲಿಥಿಯಂ ಬ್ಯಾಟರಿ, ಕಾರ್ಬನ್ ಫೈಬರ್ ಚೌಕಟ್ಟು, ಕ್ಯಾಮೆರಾ ಮತ್ತು ರೇಡಿಯೊ ಸೇರಿದರೆ ಎಫ್‌ಪಿವಿ ಡ್ರೋನ್ ಸಿದ್ಧ. ಚಾಲಕ ಕನ್ನಡಕದಂಥ ಪರದೆ ಧರಿಸಿ, ಡ್ರೋನ್ ಕಣ್ಣಿನಿಂದಲೇ ದಾರಿ ನೋಡುತ್ತಾನೆ. ಅದನ್ನು ಹಾರಿಸುವ ಬೀಟಾಫ್ಲೈಟ್ ತಂತ್ರಾಂಶವನ್ನು ಡ್ರೋನ್ ರೇಸಿನ ಹವ್ಯಾಸಿಗಳು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಎಲ್ಲ ಸೇರಿ ಬೆಲೆ ಸುಮಾರು 400ರಿಂದ 500 ಡಾಲರ್. ಒಂದು ಶಾಲೆಯೋ ಕಚೇರಿಯೋ ಒಂದು ವಾರದಲ್ಲಿ ಕೂಡಿಸಬಹುದಾದ ಮೊತ್ತ.

ಮೊದಲು ಜನ ದೊಡ್ಡ ಯಂತ್ರಗಳಿಗೇ ಹಣ ಕೂಡಿಸಿದ್ದರು. 2022ರಲ್ಲಿ ಲಿಥುವೇನಿಯಾದ ಜನ ಉಕ್ರೇನಿಗಾಗಿ ಕೆಲವೇ ದಿನಗಳಲ್ಲಿ ಒಂದು ಬೈರಕ್ತಾರ್ ಡ್ರೋನ್‌ಗೆ ಬೇಕಾದ 50 ಲಕ್ಷ ಯೂರೊ ಸಂಗ್ರಹಿಸಿದರು, ತಯಾರಕರು ಅದನ್ನು ಉಚಿತವಾಗಿಯೇ ಕೊಟ್ಟರು. ಆಮೇಲೆ ಗಮನ ಎಫ್‌ಪಿವಿಯತ್ತ ಹೊರಳಿತು. ಮರಿಯಾ ಬೆರ್ಲಿನ್ಸ್ಕಾ ಅವರ ವಿಕ್ಟರಿ ಡ್ರೋನ್ಸ್ ಸಂಸ್ಥೆ 7 ಇಂಚು ಪ್ರೊಪೆಲ್ಲರಿನ ಡ್ರೋನ್ ಜೋಡಣೆಯನ್ನು ಸಾಮಾನ್ಯ ನಾಗರಿಕರಿಗೆ ಆನ್‌ಲೈನಿನಲ್ಲಿ ಕಲಿಸಿತು. ಮನೆಯಲ್ಲಿ ಸಿದ್ಧವಾದದ್ದು ತಪಾಸಣೆಗೆ ಹೋಗುತ್ತದೆ, ಹಾರಿಸಿ ನೋಡಿದ ಮೇಲೆ ರಣರಂಗಕ್ಕೆ. ಒಂದು ಬೆಸುಗೆ ಸಡಿಲವಾದರೂ ಡ್ರೋನ್ ಹಾರಿಸಿದವನ ಕಾಲ ಬುಡಕ್ಕೇ ಬೀಳಬಹುದು. ಆದ್ದರಿಂದ ಈ ತಪಾಸಣೆಯೇ ಇಡೀ ವ್ಯವಸ್ಥೆಯ ಜೀವಾಳ.

ಅಗ್ಗದ ಯಂತ್ರಕ್ಕೆ ಅದರದೇ ದೌರ್ಬಲ್ಯಗಳಿವೆ. ಶತ್ರು ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸಿದರೆ ರೇಡಿಯೊ ಸಂಪರ್ಕ ಕಡಿದುಹೋಗುತ್ತದೆ. ಉತ್ತರವಾಗಿ ಕೂದಲೆಳೆಯಷ್ಟು ತೆಳುವಾದ ಆಪ್ಟಿಕಲ್ ಫೈಬರನ್ನು ಸುರುಳಿಯಿಂದ ಬಿಚ್ಚುತ್ತ ಹಾರುವ ಡ್ರೋನ್‌ಗಳು ಬಂದವು. ಸಂದೇಶ ಗಾಜಿನೊಳಗೆ ಬೆಳಕಾಗಿ ಹರಿಯುವುದರಿಂದ ಗದ್ದಲ ತಟ್ಟುವುದಿಲ್ಲ. ಆದರೆ ಸುರುಳಿಯ ತೂಕ ಹೊರೆಯಾಗುತ್ತದೆ, ಎಳೆ ಮರಕ್ಕೆ ಸಿಕ್ಕಿ ತುಂಡಾಗುವ ಭಯವೂ ಇದೆ.

ಶಾಹೆದ್‌ಗಳನ್ನು ಕೆಡವುವ ಕೆಲಸಕ್ಕೂ ವಂತಿಗೆಯ ಯಂತ್ರಗಳೇ ಇಳಿದಿವೆ. ದೇಣಿಗೆಯಿಂದ ನಡೆಯುವ ವೈಲ್ಡ್ ಹಾರ್ನೆಟ್ಸ್ ತಂಡ ಗುಂಡಿನಾಕಾರದ ಸ್ಟಿಂಗ್ ಡ್ರೋನ್ ರೂಪಿಸಿತು. ಗಂಟೆಗೆ ಸುಮಾರು 180 ಕಿ.ಮೀ. ವೇಗದ ಶಾಹೆದ್‌ನ್ನು ಅದು ಬೆನ್ನಟ್ಟಿ ಹೊಡೆಯುತ್ತದೆ. ಸ್ಟಿಂಗ್‌ನ ಬೆಲೆ ಕೆಲವು ಸಾವಿರ ಡಾಲರ್, ಶಾಹೆದ್‌ನದು ಹಲವು ಹತ್ತು ಸಾವಿರ, ಅದನ್ನು ಹೊಡೆಯಬಲ್ಲ ಪೇಟ್ರಿಯಟ್ ಕ್ಷಿಪಣಿಯದು ದಶಲಕ್ಷಗಳಲ್ಲಿ. ದಿನಗಟ್ಟಲೆ ನಡೆಯುವ ದಾಳಿಯಲ್ಲಿ ಈ ಅಂತರವೇ ಯಾರು ಹೆಚ್ಚು ಕಾಲ ನಿಲ್ಲುತ್ತಾರೆಂದು ತೀರ್ಮಾನಿಸುತ್ತದೆ.

ಈ ಉದ್ಯಮದ ಬೇರು ಇರುವುದು ಚೀನಾದಲ್ಲಿ. ಆಯಸ್ಕಾಂತ, ಮೋಟಾರು, ಬ್ಯಾಟರಿ ಕೋಶಗಳ ಬಹುಪಾಲು ಅಲ್ಲಿಂದಲೇ ಬರುತ್ತದೆ. 2023ರ ಸೆಪ್ಟೆಂಬರಿನಿಂದ ಚೀನಾ ಡ್ರೋನ್ ರಫ್ತಿಗೆ ಕಡಿವಾಣ ಹಾಕಿತು. ಭಾರತ 2022ರ ಫೆಬ್ರುವರಿಯಲ್ಲಿ ಸಿದ್ಧ ಡ್ರೋನ್‌ಗಳ ಆಮದು ನಿಷೇಧಿಸಿದರೂ ಬಿಡಿಭಾಗಗಳಿಗೆ ಅವಕಾಶ ಉಳಿಸಿತು. ಜೋಡಣೆ ಇಲ್ಲಿ, ಆಯಸ್ಕಾಂತ ಅಲ್ಲಿಯದು ಎಂಬ ಸ್ಥಿತಿ ಬದಲಾಗದೆ ಸ್ವಾವಲಂಬನೆ ಅರ್ಧವೇ.

ಇಂಥ ಕೆಲಸಕ್ಕೆ ಬೇಕಾದ ವಿದ್ಯೆಗೆ ಉತ್ತರ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಯಶವಂತಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿ ವಿಮಾನ ವಿಜ್ಞಾನ ವಿಭಾಗ ಆರಂಭವಾದದ್ದು ಯುದ್ಧದ ನಡುವೆ, 1942ರಲ್ಲಿ. ಜಾಲಹಳ್ಳಿಯಲ್ಲಿ ರೇಡಾರ್ ತಯಾರಿಸುವ ಬಿಇಎಲ್. ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಅಲ್ಲಿನ ಕೃಷಿ ಮೇಳದಲ್ಲಿ ರೈತರು ಕಾಣುವ ಔಷಧಿ ಸಿಂಪಡಿಸುವ ಡ್ರೋನ್‌ನಲ್ಲೂ ಇರುವುದು ಇದೇ ಬಗೆಯ ಮೋಟಾರು, ಇದೇ ಬಗೆಯ ಗೈರೊ.

ಆದರೆ ಇಲ್ಲಿ ವಂತಿಗೆಯಿಂದ ಆಯುಧ ಕೊಳ್ಳುವ ರೂಢಿಯಿಲ್ಲ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ಹೆಣ್ಣುಮಕ್ಕಳು ಮೈಮೇಲಿನ ಚಿನ್ನ ಬಿಚ್ಚಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು. ಇಂದು ಆ ನಿಧಿ ಯೋಧರ ಹಾಗೂ ಅವರ ಕುಟುಂಬಗಳ ಕ್ಷೇಮಕ್ಕೆ ಬಳಕೆಯಾಗುತ್ತದೆ. ಸೇನೆಯ ಡ್ರೋನ್‌ಗಳಿಗೆ ಹಣ ಸರ್ಕಾರದ ಬಜೆಟ್ಟಿನದು. 2018ರಲ್ಲಿ ಶುರುವಾದ ಐಡೆಕ್ಸ್ ಯೋಜನೆ ಸಣ್ಣ ಕಂಪನಿಗಳನ್ನೂ ರಕ್ಷಣಾ ಕೆಲಸಕ್ಕೆ ಕರೆತಂದಿದೆ.

ಹಾರಿಸಿ ನೋಡುವುದಕ್ಕೂ ಇಲ್ಲಿ ಕಟ್ಟುಪಾಡುಗಳಿವೆ. 2021ರ ಡ್ರೋನ್ ನಿಯಮಗಳು 250 ಗ್ರಾಂವರೆಗಿನದನ್ನು ನ್ಯಾನೊ, 2 ಕಿಲೋವರೆಗಿನದನ್ನು ಮೈಕ್ರೊ, 25 ಕಿಲೋವರೆಗಿನದನ್ನು ಸಣ್ಣ ಡ್ರೋನ್ ಎಂದು ವಿಂಗಡಿಸಿ, ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಿವೆ. ಜಕ್ಕೂರಿನ ವಿಮಾನ ಮೈದಾನವೂ ಯಲಹಂಕದ ವಾಯುನೆಲೆಯೂ ಹತ್ತಿರವೇ ಇರುವುದರಿಂದ ಹೆಬ್ಬಾಳದ ಸುತ್ತ ಮನಬಂದಂತೆ ಡ್ರೋನ್ ಏರಿಸುವಂತಿಲ್ಲ. ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯದಲ್ಲಿ ರೂಪುಗೊಳ್ಳುವ ದೊಡ್ಡ ಚಾಲಕರಹಿತ ವಿಮಾನಗಳ ಪರೀಕ್ಷೆ ನಡೆಯುವುದೂ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ, 2017ರಲ್ಲಿ ಉದ್ಘಾಟನೆಯಾದ ಪರೀಕ್ಷಾ ಕೇಂದ್ರದಲ್ಲಿ.